ಬ್ರೇಕ್ ಪೆಡಲ್ ಮಿಡಿಯುತ್ತಿದ್ದರೆ ಡಿಸ್ಕ್ ಕೊಳ್ಳುವ ಮೊದಲು ಹಬ್ ನೋಡಿ

ಗಂಟೆಗೆ 60–70 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ಅಂಗಾಲನ್ನು ಮೆಲ್ಲಗೆ ಹಿಂದಕ್ಕೆ ನೂಕುತ್ತದೆ, ಬಿಡುತ್ತದೆ, ಮತ್ತೆ ನೂಕುತ್ತದೆ. ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಕೂಡ ಎಡಬಲಕ್ಕೆ ಅದುರುತ್ತದೆ. ಗ್ಯಾರೇಜಿಗೆ ಹೋದರೆ ಉತ್ತರ ಸಿದ್ಧವಾಗಿರುತ್ತದೆ: ‘ಡಿಸ್ಕ್ ಬೆಂಡ್ ಆಗಿದೆ ಸರ್, ಜೋಡಿ ಬದಲಿಸಬೇಕು.’ ಹೊಸ ಡಿಸ್ಕ್ ಬರುತ್ತದೆ, ಹೊಸ ಪ್ಯಾಡ್ ಬರುತ್ತದೆ, ಬಿಲ್ಲೂ ಬರುತ್ತದೆ. ಕೆಲವು ತಿಂಗಳು ಕಾರು ಬೆಣ್ಣೆ ತೆಗೆದಷ್ಟು ಸಲೀಸಾಗಿ ನಿಲ್ಲುತ್ತದೆ. ಆಮೇಲೆ ಅದೇ ಮಿಡಿತ ಮರಳುತ್ತದೆ, ಬೈಗುಳ ಡಿಸ್ಕ್ ತಯಾರಿಸಿದವರ ಪಾಲಿಗೆ ಹೋಗುತ್ತದೆ.

ಡಿಸ್ಕ್ ಬೆಂಡಾಗುವುದು ಅಪರೂಪ. ಚಕ್ರದ ಜೊತೆ ತಿರುಗುವ, ಪ್ಯಾಡುಗಳು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುವ ಆ ಬಿಲ್ಲೆ ಎರಕದ ಕಬ್ಬಿಣದ್ದು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಅದೇ ಜಾತಿಯ ಕಬ್ಬಿಣ ಕರಗಿ ಅಚ್ಚಿಗೆ ಇಳಿಯುವುದನ್ನು ನೋಡಿದವರಿಗೆ ಅದು ತಟ್ಟೆಯಂತೆ ಸುಲಭಕ್ಕೆ ಬಾಗುವ ಲೋಹವಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ಬಹುತೇಕ ಸಂದರ್ಭಗಳಲ್ಲಿ ಡಿಸ್ಕ್ ಸಮವಾಗಿಯೇ ಇರುತ್ತದೆ, ಅದು ಕುಳಿತ ಜಾಗ, ಅಂದರೆ ಡಿಸ್ಕೂ ಚಕ್ರವೂ ಬೋಲ್ಟಾಗುವ ಹಬ್, ಸಮವಾಗಿರುವುದಿಲ್ಲ. ಹಬ್‌ನ ಮುಖದ ಮೇಲೆ ತುಕ್ಕಿನ ಹಕ್ಕಳೆ ಕಟ್ಟಿರುತ್ತದೆ, ಅಥವಾ ಚಕ್ರದ ನಟ್‌ಗಳನ್ನು ಒಂದನ್ನು ಬಿಗಿಯಾಗಿ, ಇನ್ನೊಂದನ್ನು ಸಡಿಲವಾಗಿ ತಿರುಗಿಸಿರುತ್ತಾರೆ. ಆಗ ಡಿಸ್ಕ್ ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ.

ಓರೆ ಕುಳಿತ ದಿನವೇ ಮಿಡಿತ ಶುರುವಾಗುವುದಿಲ್ಲ, ಎಲ್ಲರೂ ದಾರಿ ತಪ್ಪುವುದು ಇಲ್ಲೇ. ಸಣ್ಣ ಕಾರುಗಳಲ್ಲಿ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಆಚೀಚೆ ಜಾರುವಂತಿರುತ್ತದೆ, ಹಾಗಾಗಿ ಡಿಸ್ಕ್ ಓಲಾಡಿದರೆ ಅದೂ ಜೊತೆಗೆ ಓಲಾಡಿ ಹೊಂದಿಕೊಳ್ಳುತ್ತದೆ. ಆದರೆ ಬ್ರೇಕ್ ಒತ್ತದೆ ಓಡಿಸುವಾಗಲೂ ಪ್ರತಿ ಸುತ್ತಿಗೆ ಡಿಸ್ಕಿನ ಅದೇ ಭಾಗ ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ. ಸವರಿದಲ್ಲಿ ಸವೆಯುತ್ತದೆ, ಇಲ್ಲವೇ ಪ್ಯಾಡಿನ ಪದಾರ್ಥ ಅಲ್ಲಿ ಮೆತ್ತಿಕೊಳ್ಳುತ್ತದೆ. ಕೆಲವು ಸಾವಿರ ಕಿಲೋಮೀಟರ್ ಕಳೆಯುವಷ್ಟರಲ್ಲಿ ಡಿಸ್ಕ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿರುತ್ತದೆ. ದಪ್ಪ ಭಾಗ ಪ್ಯಾಡುಗಳ ನಡುವೆ ಬಂದಾಗ ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದೆ ಸರಿಯುತ್ತದೆ, ಬ್ರೇಕ್ ಆಯಿಲ್ ಹಿಂದಕ್ಕೆ ಒತ್ತಲ್ಪಡುತ್ತದೆ, ಪೆಡಲ್ ನಿಮ್ಮ ಕಾಲನ್ನು ನೂಕುತ್ತದೆ. ತುಕ್ಕು ಹಿಡಿದ ಹಬ್‌ಗೆ ಹೊಸ ಡಿಸ್ಕ್ ಹಾಕಿದರೆ ಮೊದಲು ಚೆನ್ನಾಗಿದ್ದು ತಿಂಗಳುಗಳ ನಂತರ ಕೆಡುವುದು ಇದೇ ಕಾರಣಕ್ಕೆ.

ಈ ದಪ್ಪದ ವ್ಯತ್ಯಾಸ 0.015 ಮಿ.ಮೀ. ಮುಟ್ಟಿದರೆ ಸಾಕು, ಕಾಲಿಗೆ ಗೊತ್ತಾಗುತ್ತದೆ. ತಿರುಗುವಾಗ ಡಿಸ್ಕ್ ಆಚೀಚೆ ವಾಲುವ ಓಲಾಟಕ್ಕೆ ಸಾಮಾನ್ಯವಾಗಿ ಕಾರಿನ ಸರ್ವಿಸ್ ಪುಸ್ತಕಗಳು ಕೊಡುವ ಮಿತಿ 0.05ರಿಂದ 0.10 ಮಿ.ಮೀ. ಕಣ್ಣಿಗೆ ಎರಡೂ ಕಾಣುವುದಿಲ್ಲ. ಆದ್ದರಿಂದ ಚಕ್ರ ಬಿಚ್ಚಿ, ಬೆರಳಾಡಿಸಿ, ‘ಬೆಂಡ್’ ಎಂದು ತೀರ್ಪು ಕೊಡುವವರನ್ನು ನಂಬಬೇಡಿ.

ಮೊದಲು ರಸ್ತೆಯ ಮೇಲೆ

ಪೆಡಲ್ ಪೂರ್ತಿ ಕೆಳಗೆ ಹೋಗುತ್ತಿದ್ದರೆ, ಆಯಿಲ್ ಸೋರುತ್ತಿದ್ದರೆ, ಲೋಹ ಲೋಹಕ್ಕೆ ಉಜ್ಜುವ ಸದ್ದಿದ್ದರೆ ಈ ಬರಹ ನಿಮಗಲ್ಲ. ಕಾರನ್ನು ಓಡಿಸದೆ ಮೆಕ್ಯಾನಿಕ್ ಅವರನ್ನೇ ಮನೆಗೆ ಕರೆಸಿ.

ಬೆಳಗ್ಗೆ ಬೇಗ, ಒಣಗಿದ, ಖಾಲಿ ರಸ್ತೆ ಹುಡುಕಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 48 ಬೇಡ. ಹಿಂದೆ ಬರುವ ಲಾರಿಯವನಿಗೆ ನೀವು ಪ್ರಯೋಗ ಮಾಡುತ್ತಿದ್ದೀರಿ ಎಂದು ಹೇಗೆ ಗೊತ್ತಾಗಬೇಕು? 60ಕ್ಕೆ ಏರಿಸಿ, ಕ್ಲಚ್ ಮುಟ್ಟದೆ, ಹದವಾಗಿ ಬ್ರೇಕ್ ಒತ್ತಿ 20ಕ್ಕೆ ಇಳಿಸಿ. ಸಣ್ಣ ಕಾರಿನ ಟೈರು ಒಂದು ಸುತ್ತಿಗೆ ಸುಮಾರು 1.9 ಮೀಟರ್ ಕ್ರಮಿಸುತ್ತದೆ. ಅಂದರೆ 60ರ ವೇಗದಲ್ಲಿ ಸೆಕೆಂಡಿಗೆ ಹತ್ತಿರಹತ್ತಿರ ಒಂಬತ್ತು ಸುತ್ತು, 20ರಲ್ಲಿ ಮೂರು. ಮಿಡಿತ ಇದೇ ಲೆಕ್ಕದಲ್ಲಿ, ವೇಗ ಇಳಿದಂತೆಲ್ಲ ನಿಧಾನವಾಗುತ್ತಿದ್ದರೆ ದೋಷ ಚಕ್ರದ ಜೊತೆ ತಿರುಗುವ ಭಾಗದಲ್ಲಿದೆ. ವೇಗ ಇಳಿದರೂ ಗರಗರ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಅದು ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ವ್ಯವಸ್ಥೆ. ಅದರ ಮಾತು ಕೊನೆಗೆ.

ಬ್ರೇಕ್ ಮುಟ್ಟದಿದ್ದಾಗಲೂ 80–100ರಲ್ಲಿ ಸ್ಟೀರಿಂಗ್ ಅದುರುವುದಾದರೆ ವೀಲ್ ಬ್ಯಾಲೆನ್ಸಿಂಗ್ ಅಥವಾ ಟೈರು ನೋಡಿಸಿ. ಬ್ರೇಕ್ ಆಯಿಲ್ ಬದಲಿಸುವುದರಿಂದ, ಗಾಳಿ ತೆಗೆಸುವುದರಿಂದ ಈ ಮಿಡಿತ ಹೋಗುವುದಿಲ್ಲ. ಲೈನಿನಲ್ಲಿ ಗಾಳಿ ಇದ್ದರೆ ಪೆಡಲ್ ಮೆತ್ತಗಾಗುತ್ತದೆಯೇ ಹೊರತು ಮಿಡಿಯುವುದಿಲ್ಲ.

ಸ್ಟೀರಿಂಗ್ ಅದುರಿದರೆ ಮುಂದಿನ ಚಕ್ರಗಳ ಮೇಲೆ ಅನುಮಾನ. ಸ್ಟೀರಿಂಗ್ ಶಾಂತವಾಗಿದ್ದು ಸೀಟಿನ ಕೆಳಗೆ ಅದುರಿದರೆ ಹಿಂದಿನವು. ಖಾತ್ರಿ ಮಾಡಿಕೊಳ್ಳಲು ಹಿಂದೆ ಡಿಸ್ಕಿನ ಬದಲು ಡ್ರಮ್ ಬ್ರೇಕ್ ಇರುವ, ಕೈಯಿಂದ ಎಳೆಯುವ ಹ್ಯಾಂಡ್‌ಬ್ರೇಕ್ ಇರುವ ಕಾರಿನಲ್ಲಿ ಸುಲಭ ಉಪಾಯವಿದೆ: ನೇರ ರಸ್ತೆಯಲ್ಲಿ 30ರ ವೇಗದಲ್ಲಿ, ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ, ಕಾಲು ಬ್ರೇಕ್ ಬಿಟ್ಟು, ಲಿವರನ್ನು ಮೆಲ್ಲಗೆ ಎಳೆಯಿರಿ. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಆಗ ಮಿಡಿದರೆ ಡ್ರಮ್ ಅಪರಾಧಿ, ಮಿಡಿಯದಿದ್ದರೆ ಮುಂದಿನ ಚಕ್ರಗಳನ್ನು ನೋಡಿ. ಗುಂಡಿ ಬಿಟ್ಟು ಜೋರಾಗಿ ಎಳೆದರೆ ಚಕ್ರ ಕಚ್ಚಿಕೊಂಡು ಕಾರಿನ ಹಿಂಭಾಗ ಜಾರುತ್ತದೆ, ಎಚ್ಚರ.

ನಟ್ ಸಡಿಲಿಸಿ, ಮತ್ತೆ ಬಿಗಿಯಿರಿ

ಏನೂ ಬಿಚ್ಚುವ ಮೊದಲು ಮಾಡಬೇಕಾದ, ಖರ್ಚಿಲ್ಲದ ಕೆಲಸ ಇದು. ಇತ್ತೀಚೆಗೆ ಪಂಕ್ಚರ್ ಹಾಕಿಸಿದ್ದೀರಾ? ಗಾಳಿ ಗನ್ನಿನಿಂದ ಟರ್ರೆಂದು ಬಿಗಿದರೆ ಯಾವ ನಟ್ ಎಷ್ಟು ಬಿಗಿಯಾಯಿತು ಎನ್ನುವುದು ಗನ್ನಿಗೂ ತಿಳಿಯದು, ಹಿಡಿದವನಿಗೂ ತಿಳಿಯದು. ಎಲ್ಲ ನಟ್‌ಗಳನ್ನೂ ಸಡಿಲಿಸಿ, ಎದುರುಬದುರಿನ ಕ್ರಮದಲ್ಲಿ, ಎರಡು ಹಂತಗಳಲ್ಲಿ ಬಿಗಿಯ ಪ್ರಮಾಣ ತೋರಿಸುವ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಸಣ್ಣ ಕಾರುಗಳಿಗೆ ಬಹುತೇಕ 85ರಿಂದ 110 ನ್ಯೂಟನ್ ಮೀಟರ್ ಒಳಗೆ ಇರುತ್ತದೆ, ನಿಮ್ಮ ಕಾರಿನ ನಿಖರ ಅಂಕಿ ಅದರ ಪುಸ್ತಕದಲ್ಲಿದೆ. ಪಂಕ್ಚರ್ ಹಾಕಿಸಿದ ಮೇಲೆ ಶುರುವಾದ ಹೊಸ ಮಿಡಿತ ಇಷ್ಟರಿಂದಲೇ ನಿಂತದ್ದುಂಟು. ಆದರೆ ತಿಂಗಳುಗಟ್ಟಲೆ ಹಾಗೆಯೇ ಓಡಿಸಿದ್ದರೆ ಡಿಸ್ಕ್ ಆಗಲೇ ಅಸಮವಾಗಿ ಸವೆದಿರುತ್ತದೆ. ಮುಂದಿನ ಹಂತಕ್ಕೆ ಹೋಗಲೇಬೇಕು.

ಡಯಲ್ ಹೇಳುವ ಸತ್ಯ

ಸಮತಟ್ಟಾದ ಗಟ್ಟಿ ನೆಲ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಚಕ್ರ ನೆಲದ ಮೇಲಿರುವಾಗಲೇ ನಟ್ ಸಡಿಲಿಸಿ, ಆಮೇಲೆ ಜಾಕ್ ಏರಿಸಿ, ಸ್ಟ್ಯಾಂಡ್ ಕೊಡಿ. ಬರೀ ಜಾಕನ್ನು ನಂಬಿ ಕೈ ಹಾಕುವುದು ಬೇಡವೇ ಬೇಡ. ಗಿಯರ್ ನ್ಯೂಟ್ರಲ್‌ನಲ್ಲಿಡಿ.

ಚಕ್ರ ಬಿಚ್ಚುವ ಮೊದಲು ಮೇಲೆ ಮತ್ತು ಕೆಳಗೆ ಹಿಡಿದು ಅಲ್ಲಾಡಿಸಿ. ಟಕಟಕ ಎಂದು ಆಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ಅದನ್ನು ಸರಿಪಡಿಸದೆ ಅಳೆದ ಯಾವ ಅಳತೆಗೂ ಬೆಲೆಯಿಲ್ಲ.

ಈಗ ಬೇಕಾಗುವುದು ಮ್ಯಾಗ್ನೆಟ್ ಸ್ಟ್ಯಾಂಡ್ ಇರುವ ಡಯಲ್ ಗೇಜ್, ಕೂದಲೆಳೆಯಷ್ಟು ಅಲುಗಾಟವನ್ನೂ ಸೂಜಿಯಲ್ಲಿ ತೋರಿಸುವ ಅಳತೆಯ ಉಪಕರಣ. ಬೇರೆ ಊರಿನಲ್ಲಾದರೆ ಇದನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆ ಏಳುತ್ತಿತ್ತು. ಬೆಳಗಾವಿಯಲ್ಲಿ ಫೌಂಡ್ರಿಗೂ ಮಷಿನ್ ಶಾಪಿಗೂ ಬರವಿಲ್ಲ. ಲೇತ್ ಮೇಲೆ ಕೆಲಸ ಮಾಡುವ ಒಬ್ಬ ಕಾಕಾ ಅಥವಾ ಮಾವ ಬಹುತೇಕ ಓಣಿಯಲ್ಲೂ ಇರುತ್ತಾರೆ, ಕೇಳಿದರೆ ರಜೆಯ ದಿನ ‘ಡಯಲ್’ ಕೊಡುತ್ತಾರೆ. ಬಹಳ ಸಲ ಜೊತೆಗೆ ಅವರೇ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ.

ಚಕ್ರ ತೆಗೆದ ಮೇಲೆ ಡಿಸ್ಕ್ ಹಬ್ ಮೇಲೆ ಸಡಿಲವಾಗಿ ಕುಳಿತಿರುತ್ತದೆ. ನಟ್‌ಗಳ ಕೆಳಗೆ ವಾಷರ್ ಹಾಕಿ ಎಲ್ಲವನ್ನೂ ಸಮನಾಗಿ ಬಿಗಿಯಿರಿ, ಇಲ್ಲದಿದ್ದರೆ ಅಳತೆ ಸುಳ್ಳಾಗುತ್ತದೆ. ಮ್ಯಾಗ್ನೆಟನ್ನು ಅಲುಗಾಡದ ಕಬ್ಬಿಣದ ಭಾಗಕ್ಕೆ ಅಂಟಿಸಿ, ಡಯಲಿನ ತುದಿ ಡಿಸ್ಕಿನ ಹೊರ ಅಂಚಿನಿಂದ ಸುಮಾರು 10 ಮಿ.ಮೀ. ಒಳಗೆ ತಾಗುವಂತೆ ಇಟ್ಟು ಡಿಸ್ಕನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಸೂಜಿ ಒಂದು ಕಡೆಗೆ ಹೋಗಿ, ನಿಂತು, ಹಿಂದಿರುಗುತ್ತದೆ. ಎರಡು ತುದಿಗಳ ನಡುವಿನ ಅಂತರವೇ ಓಲಾಟ. ಸೂಜಿ ಅತಿ ಹೆಚ್ಚು ತೋರಿಸಿದ ಜಾಗಕ್ಕೆ ಸೀಮೆಸುಣ್ಣದಿಂದ ಗೀಟು ಹಾಕಿ. ಆ ಗೀಟಿನ ನೇರಕ್ಕಿರುವ ಹಬ್‌ನ ಬೋಲ್ಟಿಗೂ ಗುರುತು ಮಾಡಿ.

ಇನ್ನು ಡಿಸ್ಕನ್ನು ಬಿಚ್ಚಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ ಅಳೆಯಿರಿ. ನಾಲ್ಕು ಬೋಲ್ಟಿನ ಹಬ್‌ನಲ್ಲಿ ಎರಡು ತೂತು ಸರಿಸಿದರೆ ಅರ್ಧ ಸುತ್ತು. ಇದಕ್ಕೆ ಕ್ಯಾಲಿಪರ್ ಮತ್ತು ಅದರ ಬ್ರಾಕೆಟ್ ತೆಗೆಯಬೇಕಾಗುತ್ತದೆ. ತೆಗೆದ ಕ್ಯಾಲಿಪರನ್ನು ರಬ್ಬರ್ ಪೈಪಿನಿಂದ ಜೋತು ಬಿಡಬೇಡಿ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಈಗ ಸೂಜಿಯ ಎತ್ತರದ ಜಾಗ ಸೀಮೆಸುಣ್ಣದ ಗೀಟಿನಲ್ಲೇ ಇದ್ದರೆ ದೋಷ ಡಿಸ್ಕಿನದು. ಗೀಟು ಎದುರು ಬದಿಗೆ ಹೋದರೂ ಎತ್ತರದ ಜಾಗ ಗುರುತು ಮಾಡಿದ ಬೋಲ್ಟಿನ ನೇರಕ್ಕೇ ಉಳಿದಿದ್ದರೆ ದೋಷ ಹಬ್‌ನದು, ಅಲ್ಲಿ ಹೊಸ ಡಿಸ್ಕ್ ಹಾಕಿಯೂ ಪ್ರಯೋಜನವಿಲ್ಲ. ಗ್ಯಾರೇಜಿನಲ್ಲಿ ಈ ಪರೀಕ್ಷೆ ಮಾಡಿದವರನ್ನು ನಾನು ಕಂಡಿಲ್ಲ. ಅರ್ಧ ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಅವರು ಡಿಸ್ಕನ್ನೇ ಬದಲಿಸಿ ಮುಗಿಸಿರುತ್ತಾರೆ.

ಟಿಳಕವಾಡಿಯಲ್ಲಿ ಮಳೆಗಾಲವಿಡೀ ತೆರೆದ ಜಾಗದಲ್ಲಿ ನಿಂತಿದ್ದ ಹಳೆಯ ಹ್ಯಾಚ್‌ಬ್ಯಾಕ್ ಒಂದಕ್ಕೆ ಇದನ್ನೇ ಮಾಡಿದೆವು. ಎಡಗಡೆಯ ಡಿಸ್ಕ್ 0.14 ಮಿ.ಮೀ. ಓಲಾಡುತ್ತಿತ್ತು. ತಿರುಗಿಸಿ ಹಾಕಿದರೂ ಎತ್ತರ ಅದೇ ಬೋಲ್ಟಿನ ಪಕ್ಕ. ಡಿಸ್ಕ್ ತೆಗೆದು ಬ್ಯಾಟರಿ ಬೆಳಕು ಓರೆಯಾಗಿ ಬಿಟ್ಟಾಗ ಕಂಡಿತು: ಬೋಲ್ಟಿನ ಬುಡದಲ್ಲಿ ಅರ್ಧಚಂದ್ರಾಕಾರದ ಕಂದು ಹಕ್ಕಳೆ, ಉಗುರಿನಿಂದ ಕೆರೆದರೆ ಏಳದಷ್ಟು ಗಟ್ಟಿ. ಡಿಸ್ಕಿನ ಹಿಂಬದಿಯಲ್ಲಿ ಅದೇ ಆಕಾರದ ಅಚ್ಚು ಮೂಡಿತ್ತು. ಬೀಸುವ ಕಲ್ಲುಗಳ ನಡುವೆ ಒಂದು ಬದಿಗೆ ಕಾಳು ಸಿಕ್ಕಿ ಮೇಲಿನ ಕಲ್ಲು ಓರೆಯಾದ ಹಾಗೆ.

ಲೆಕ್ಕವೂ ಕಷ್ಟದ್ದಲ್ಲ. ಹಬ್‌ನ ಮುಖ ಸುಮಾರು 130 ಮಿ.ಮೀ. ಅಗಲವಿದ್ದು ಡಿಸ್ಕ್ 250 ಮಿ.ಮೀ. ಇದ್ದರೆ, ಹಬ್‌ನ ಅಂಚಿನಲ್ಲಿ 0.05 ಮಿ.ಮೀ. ತುಕ್ಕು ಡಿಸ್ಕಿನ ಅಂಚಿಗೆ ಬರುವಷ್ಟರಲ್ಲಿ ಎರಡರಷ್ಟಾಗಿ, ಅದೊಂದೇ ಮಿತಿಯನ್ನು ಮುಟ್ಟಿಬಿಡುತ್ತದೆ.

ಹಬ್ ತಿಕ್ಕುವುದು

ತಂತಿ ಬ್ರಷ್, 80–120 ನಂಬರಿನ ಎಮರಿ ಕಾಗದ, ತಾಳ್ಮೆ. ಬೋಲ್ಟುಗಳ ಬುಡ ಮತ್ತು ನಡುವಿನ ಉಬ್ಬಿದ ಅಂಚಿನ ಸುತ್ತಲಿನ ಮೂಲೆ ಬಿಟ್ಟುಹೋಗುವ ಜಾಗಗಳು, ತುಕ್ಕು ಕೂರುವುದೂ ಅಲ್ಲೇ. ಹಬ್‌ನ ಲೋಹ ಬೆಳ್ಳಗೆ ಕಾಣುವವರೆಗೆ ತಿಕ್ಕಿ. ಗ್ರೈಂಡರ್ ಮಾತ್ರ ಬೇಡ, ಅದು ತುಕ್ಕಿನ ಜೊತೆ ಹಬ್‌ನ್ನೂ ತಿನ್ನುತ್ತದೆ. ಡಿಸ್ಕಿನ ಹಿಂಬದಿ, ಅಲಾಯ್ ಅಥವಾ ಉಕ್ಕಿನ ಚಕ್ರ ಕೂರುವ ಮುಖ ಇವನ್ನೂ ಹಾಗೆಯೇ ಶುಚಿ ಮಾಡಿ. ಹಳೆಯ ಪ್ಯಾಡಿನ ದೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಹಾಗಾಗಿ ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಮೂಗಿಗೆ ಮಾಸ್ಕ್ ಇರಲಿ.

ಮತ್ತೆ ಡಯಲ್ ಇಡಿ. ಆ ಹ್ಯಾಚ್‌ಬ್ಯಾಕಿನಲ್ಲಿ 0.14 ಇದ್ದದ್ದು 0.04ಕ್ಕೆ ಇಳಿಯಿತು. ಇಳಿಯದಿದ್ದರೆ ಡಿಸ್ಕನ್ನು ಒಂದೊಂದೇ ತೂತು ಸರಿಸಿ ಹಾಕಿ ನೋಡಿ. ಡಿಸ್ಕಿನ ಸಣ್ಣ ಓರೆಯೂ ಹಬ್‌ನ ಸಣ್ಣ ಓರೆಯೂ ಎದುರುಬದುರಾಗಿ ಬಂದಾಗ ಒಂದನ್ನೊಂದು ರದ್ದು ಮಾಡುತ್ತವೆ. ಯಾವ ಸ್ಥಾನದಲ್ಲೂ ಮಿತಿಯೊಳಗೆ ಬರದೆ ಎತ್ತರ ಅದೇ ಬೋಲ್ಟಿಗೆ ಅಂಟಿಕೊಂಡಿದ್ದರೆ ಹಬ್ ಅಥವಾ ಬೇರಿಂಗ್ ಕೆಟ್ಟಿದೆ. ಗುಂಡಿಗೆ ಬಿದ್ದು ರಿಮ್ ಬಾಗಿದ ಕಾರುಗಳಲ್ಲಿ ಹೀಗಾಗುವುದುಂಟು.

ಹಬ್ ಶುಚಿ ಮಾಡಿದರೆ ಕಾರಣ ಹೋಗುತ್ತದೆ, ಆಗಲೇ ಆದ ಹಾನಿ ಹೋಗುವುದಿಲ್ಲ. ಡಿಸ್ಕಿನ ದಪ್ಪವನ್ನು ಅಂಚಿನಿಂದ 10 ಮಿ.ಮೀ. ಒಳಗೆ, ಸುತ್ತಲೂ ಎಂಟು ಕಡೆ ಮೈಕ್ರೋಮೀಟರಿನಿಂದ ಅಳೆಯಿರಿ. ವರ್ನಿಯರ್ ಇಲ್ಲಿ ಕೆಲಸಕ್ಕೆ ಬಾರದು. ಸವೆಯದೆ ಉಳಿದ ಹೊರ ಅಂಚಿನ ಉಬ್ಬಿಗೆ ಅದರ ದವಡೆ ತಾಗಿ, ಸವೆದ ಡಿಸ್ಕನ್ನೂ ದಪ್ಪ ಎಂದೇ ತೋರಿಸುತ್ತದೆ. ಕನಿಷ್ಠ ದಪ್ಪ ದಾಟಿದೆಯೇ ಎಂದು ನೋಡಲಷ್ಟೇ ಆದರೆ ಎರಡು ಬದಿಗೂ ಒಂದೊಂದು ನಾಣ್ಯ ಇಟ್ಟು ವರ್ನಿಯರಿನಿಂದ ಅಳೆದು, ನಾಣ್ಯಗಳ ದಪ್ಪ ಕಳೆದರೆ ಸಾಕು. ಕನಿಷ್ಠ ದಪ್ಪದ ಅಂಕಿಯನ್ನು ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ. ಅದಕ್ಕಿಂತ ತೆಳುವಾಗಿದ್ದರೆ ಬೇರೆ ಯೋಚನೆಯಿಲ್ಲ, ಹೊಸದು.

ಘಾಟ್ ಇಳಿದು ಬಂದ ಕಾರು

ಓಲಾಟ ಮಿತಿಯಲ್ಲಿದ್ದೂ ಮಿಡಿತವಿದ್ದರೆ ಡಿಸ್ಕಿನ ಬಣ್ಣ ನೋಡಿ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಮೂಲಕ ಗೋವಾಕ್ಕೆ ಇಳಿಯುವ ಕಾರುಗಳಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿಸುವವರು ಬಹಳ. ಅಂಬೋಲಿಯಲ್ಲೂ ಅದೇ ಕಥೆ. ಕೆಳಗೆ ತಲುಪಿ, ಚಹಾ ಅಂಗಡಿಯ ಮುಂದೆ ಕಾದ ಡಿಸ್ಕನ್ನು ಪ್ಯಾಡಿನಿಂದ ಗಟ್ಟಿಯಾಗಿ ಒತ್ತಿ ನಿಲ್ಲಿಸಿಕೊಂಡರೆ ಪ್ಯಾಡಿನ ಪದಾರ್ಥ ಅದೇ ಜಾಗದಲ್ಲಿ ಅಚ್ಚೊತ್ತುತ್ತದೆ. ಚಕ್ರದ ಸಂದಿನಿಂದ ನೋಡಿದರೆ ಪ್ಯಾಡಿನ ಆಕಾರದ ಕಪ್ಪು ಮಚ್ಚೆ ಕಾಣುತ್ತದೆ. ಇಳಿಜಾರಿನಲ್ಲಿ ಎರಡನೇ ಗಿಯರಿಗೆ ಹಾಕಿ ಎಂಜಿನ್ನಿಗೆ ಕೆಲಸ ಕೊಡಿ. ಕೆಳಗೆ ಬಂದ ಮೇಲೆ ನಿಲ್ಲಿಸುವ ಮೊದಲು ಒಂದೆರಡು ಕಿಲೋಮೀಟರ್ ಬ್ರೇಕ್ ಒತ್ತದೆ ಸಾಗಿ.

ಕಪ್ಪು ಮಚ್ಚೆಯನ್ನು 80–120 ನಂಬರಿನ ಕಾಗದದಿಂದ ಎರಡೂ ಮುಖಗಳಲ್ಲಿ ಅಡ್ಡಡ್ಡ ಗೀರುಗಳು ಬೀಳುವಂತೆ ಉಜ್ಜಿ ತೆಗೆಯಬಹುದು. ಪ್ಯಾಡಿನ ಹೊಳಪನ್ನೂ ತೆಗೆಯಿರಿ. ನೀಲಿ ಬಣ್ಣದ ಮಚ್ಚೆಗಳ ವಿಷಯ ಬೇರೆ. ಅತಿಯಾಗಿ ಕಾದ ಜಾಗದಲ್ಲಿ ಕಬ್ಬಿಣದ ಒಳರಚನೆಯೇ ಬದಲಾಗಿ ಸಿಮೆಂಟೈಟ್ ಎಂಬ ಬಹಳ ಗಡಸು ರೂಪ ತಳೆದಿರಬಹುದು. ಹಾಗಾಗಿದ್ದರೆ ಲೇತ್‌ಗೆ ಹಾಕಿದರೂ ಅದು ಒಳಗೆ ಉಳಿದಿರುತ್ತದೆ, ಸುತ್ತಲಿನದು ಸವೆದಂತೆ ಮತ್ತೆ ಎದ್ದು ಕಾಣುತ್ತದೆ. ಅಂಥ ಡಿಸ್ಕಿಗೆ ದುಡ್ಡು ಹಾಕಬೇಡಿ.

ಇದೇ ಹೊತ್ತಿನಲ್ಲಿ ಕ್ಯಾಲಿಪರಿನ ಎರಡು ಪಿನ್‌ಗಳನ್ನು ಕೈಯಿಂದ ಎಳೆದು ನೋಡಿ. ಜಾರದೆ ಹಿಡಿದಿದ್ದರೆ ಒಳಗಿನ ಪ್ಯಾಡೂ ಹೊರಗಿನ ಪ್ಯಾಡೂ ಬೇರೆಬೇರೆ ಪ್ರಮಾಣದಲ್ಲಿ ಸವೆದಿರುತ್ತವೆ. ತೊಳೆದು ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಿ. ಬೇರಿಂಗಿನ ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸಿ ಪಿನ್ ಇನ್ನಷ್ಟು ಹಿಡಿಯುವಂತೆ ಮಾಡುತ್ತದೆ.

ಲೇತ್‌ಗೋ, ಹೊಸದಕ್ಕೋ

ದಪ್ಪದ ವ್ಯತ್ಯಾಸ 0.015 ದಾಟಿದ್ದು, ಕನಿಷ್ಠ ದಪ್ಪಕ್ಕಿಂತ ಸಾಕಷ್ಟು ಮೇಲಿದ್ದರೆ ಫೇಸಿಂಗ್, ಅಂದರೆ ಲೇತ್ ಮೇಲೆ ಮುಖ ಕೆತ್ತಿ ಸಮ ಮಾಡಿಸಬಹುದು. ಈ ಊರಿನಲ್ಲಿ ಒಳ್ಳೆಯ ಟರ್ನರ್‌ಗಳಿದ್ದಾರೆ, ಆದರೆ ಅವರಿಗೆ ಒಂದು ಮಾತು ಹೇಳಲೇಬೇಕು: ಡಿಸ್ಕನ್ನು ಹೊರ ಅಂಚಿನಿಂದ ಲೇತಿನ ಹಿಡಿತಕ್ಕೆ (ಚಕ್) ಸಿಕ್ಕಿಸಬೇಡಿ, ಹಬ್ ಮೇಲೆ ಕೂರುವ ಮುಖವನ್ನೂ ನಡುವಿನ ತೂತನ್ನೂ ಆಧಾರವಾಗಿಟ್ಟು ಕೂರಿಸಿ. ಆ ಮುಖದ ತುಕ್ಕನ್ನು ನೀವೇ ಮೊದಲು ತಿಕ್ಕಿ ಒಯ್ಯಿರಿ. ಇಲ್ಲದಿದ್ದರೆ ಲೇತ್ ಮೇಲೆ ಸಮವಾದ ಡಿಸ್ಕ್ ಕಾರಿನ ಮೇಲೆ ಓಲಾಡುತ್ತದೆ. ಎರಡೂ ಮುಖಗಳಿಂದ ಸಣ್ಣ ಕಟ್, ಎಡಬಲದ ಡಿಸ್ಕ್‌ಗಳೆರಡಕ್ಕೂ. ಹೊಸ ಡಿಸ್ಕ್ ತಂದರೆ ಅದಕ್ಕೆ ಹಚ್ಚಿದ ತುಕ್ಕುನಿರೋಧಕ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ಒರೆಸಿ.

ಹಿಂದಿನ ಡ್ರಮ್‌ಗಳದು ಚಿಕ್ಕ ಕತೆ. ಕಾದ ಡ್ರಮ್ ಮೇಲೆ ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು ನಿಲ್ಲಿಸಿದರೆ ಅದು ದುಂಡಗಿನ ಆಕಾರ ಕಳೆದುಕೊಳ್ಳಬಹುದು. ಮಳೆಗಾಲದಲ್ಲಿ ವಾರಗಟ್ಟಲೆ ನಿಂತರೆ ಡ್ರಮ್ಮನ್ನು ಒಳಗಿನಿಂದ ಹಿಡಿಯುವ ಲೈನರ್ ತಾಗಿದ ಜಾಗದ ಸುತ್ತ ತುಕ್ಕು ಹಿಡಿಯುತ್ತದೆ. ಡ್ರಮ್ ಬಿಚ್ಚುವಾಗ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಡಬೇಕು. ಸುತ್ತಿಗೆಯಿಂದ ಬಡಿಯುವ ಮೊದಲು ಡ್ರಮ್ ಮೇಲೆ ಎರಡು ಆಟೆ (ಬೋಲ್ಟಿನ ತಿರುಪು) ಇರುವ ತೂತುಗಳಿವೆಯೇ ನೋಡಿ. ಬಹಳ ಕಾರುಗಳಲ್ಲಿ ಅಲ್ಲಿಗೆ 8 ಮಿ.ಮೀ. ಬೋಲ್ಟ್ ತಿರುಗಿಸಿದರೆ ಡ್ರಮ್ ತಾನಾಗಿ ಹೊರಬರುತ್ತದೆ. ತೆಳುವಾದ ತುಕ್ಕನ್ನು ಎಮರಿಯಿಂದ ತೆಗೆಯಿರಿ, ಅಂಡಾಕಾರವಾಗಿದ್ದರೆ ಲೇತ್ ಅಥವಾ ಹೊಸ ಡ್ರಮ್.

ಎಲ್ಲ ಜೋಡಿಸಿದ ಮೇಲೆ ಎಂಜಿನ್ ಚಾಲೂ ಮಾಡುವ ಮೊದಲೇ ಪೆಡಲನ್ನು ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ. ಪಿಸ್ಟನ್ ಹಿಂದೆ ಸರಿಸಿದ್ದರೆ ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದಿಲ್ಲ, ಅಂಗಳದ ಗೋಡೆಗೆ ಕಾರು ತಗುಲುವುದು ಹೀಗೆಯೇ. ಆಯಿಲ್ ಮಟ್ಟ ನೋಡಿ, ಉಕ್ಕಿದ್ದರೆ ಒರೆಸಿ. ಅದು ಪೇಂಟ್ ತಿನ್ನುತ್ತದೆ. ನಂತರ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು–ಹತ್ತು ಸಲ ಹದವಾಗಿ ಬ್ರೇಕ್ ಒತ್ತಿ, ನಡುನಡುವೆ ತಣ್ಣಗಾಗಲು ಅರ್ಧ ಕಿಲೋಮೀಟರ್ ಬಿಡಿ. ಕೊನೆಗೆ ಹತ್ತು ನಿಮಿಷ ಬ್ರೇಕ್ ಆದಷ್ಟು ಕಡಿಮೆ ಬಳಸಿ ಓಡಿಸಿ. ಇದರಿಂದ ಪ್ಯಾಡಿನ ಪದಾರ್ಥ ಡಿಸ್ಕಿನ ತುಂಬ ಸಮನಾಗಿ ಕೂರುತ್ತದೆ.

ಇಷ್ಟಾದರೂ ಅದುರಿದರೆ ಚಕ್ರವನ್ನು ಕಾರಿನ ಅಡಿಗೆ ಜೋಡಿಸುವ ಲೋವರ್ ಆರ್ಮಿನ ರಬ್ಬರ್ ಬುಷ್‌ಗಳನ್ನು ನೋಡಿಸಿ. ಒಡೆದ ಬುಷ್ ಮಿತಿಯೊಳಗಿನ ಓಲಾಟವನ್ನೂ ದೊಡ್ಡದು ಮಾಡಿ ಸ್ಟೀರಿಂಗಿಗೆ ಮುಟ್ಟಿಸುತ್ತದೆ. ಕಾರು ಇನ್ನೇನು ನಿಲ್ಲಬೇಕು ಎನ್ನುವಾಗ, ಹತ್ತರ ಆಸುಪಾಸಿನ ವೇಗದಲ್ಲಿ, ಒಣ ರಸ್ತೆಯಲ್ಲೂ ಗರಗರ ಎಂದು ಪೆಡಲ್ ಬಡಿದರೆ ಚಕ್ರದ ಎಬಿಎಸ್ ಸೆನ್ಸರ್ ಅನುಮಾನಕ್ಕೆ ಒಳಗಾಗುತ್ತದೆ: ಅದರ ತುದಿಗೆ ಕಬ್ಬಿಣದ ಪುಡಿ ಅಂಟಿರಬಹುದು, ಕೆಳಗೆ ತುಕ್ಕು ಉಬ್ಬಿ ಸೆನ್ಸರನ್ನು ಮೇಲಕ್ಕೆ ಎತ್ತಿರಬಹುದು, ಹಲ್ಲಿನ ಉಂಗುರ ಸೀಳಿರಬಹುದು. ತುದಿ ಒರೆಸಿ, ಕೂರುವ ಜಾಗ ತಿಕ್ಕಿ ಮತ್ತೆ ಹಾಕಿ. ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಉರಿಯುತ್ತಿದ್ದರೆ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಒಯ್ದು ಯಾವ ಚಕ್ರದ ಸೆನ್ಸರ್ ಎಂದು ಕೇಳಿ.